ಹತ್ತೊಂಬತ್ತು ದೂರು, ಇಪ್ಪತ್ತೆರಡು ಮನೆ

"ಮುಚ್ಚಳ ನೀವೇ ತೆಗೀರಿ ಸರ್," ಎಂದು ಗಂಗಾಶ್ರೀ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಸಬ್ ಇನ್‌ಸ್ಪೆಕ್ಟರ್ ಸಂಗಮೇಶ್ ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲಿದ್ದ ನಾಲ್ಕು ಗಾಜಿನ ತಟ್ಟೆಗಳನ್ನು ನೋಡಿದ. ಹನ್ನೆರಡು ವರ್ಷದ ನೌಕರಿಯಲ್ಲಿ ಮಚ್ಚು ಹಿಡಿದವನ ಕೈಯನ್ನೇ ತಿರುಚಿದ್ದ ಮನುಷ್ಯ, ಅಂಗೈಯಗಲದ ಒಂದು ಮುಚ್ಚಳ ಎತ್ತಲು ಹಿಂದೆಮುಂದೆ ನೋಡಿದ.

ನೋಡದೆ ಏನು ಮಾಡಿಯಾನು? ಆ ತಟ್ಟೆಗಳಲ್ಲಿದ್ದದ್ದು ಮಾಳಮ್ಮನ ಮಾನ. ಮುದುಕಿ ಬೇಯಿಸಿದ ಬೀಜದ ಭತ್ತ ಕೊಟ್ಟು ಊರಿಗೇ ಮೋಸ ಮಾಡಿದಳೆಂದು ಹೊಸಬಾಳೆಯ ಹತ್ತೊಂಬತ್ತು ಮನೆಯವರು ದೂರು ಕೊಟ್ಟು ಆರು ದಿನವಾಗಿತ್ತು. ಇವತ್ತು ಸಂಜೆಯೊಳಗೆ ಅವಳನ್ನು ಎಳೆದು ತರದಿದ್ದರೆ ಊರಿಗೆ ಊರೇ ಬಂದು ಠಾಣೆ ಮುಂದೆ ಕೂರುತ್ತದೆಂದು ಅವರ ಮುಂದಾಳು ಆನಂದಪ್ಪ ಹೇಳಿ ಹೋಗಿದ್ದ.

ಅತ್ತೆಯ ಕಾಲದಿಂದಲೂ ನೆರೆಭತ್ತದ ಬೀಜ ಕಾಯುವ ಮನೆ ಅವಳದು. ಹೊಳೆ ಉಕ್ಕಿ ಹತ್ತು ದಿನ ಗದ್ದೆ ಮುಳುಗಿದರೂ ಕೊಳೆಯದ ಭತ್ತ ಅದು, ಬೇರೆಲ್ಲೂ ಸಿಗುವುದಿಲ್ಲ. ಒಮ್ಮೆ ಪೊಲೀಸ್ ಜೀಪು ಹತ್ತಿದಳೆಂದರೆ ಆ ಕೈಯಿಂದ ಯಾರೂ ಇನ್ನು ಬೀಜ ಮುಟ್ಟುವುದಿಲ್ಲ. ಅಡಿಕೆಗೆ ಹೋದ ಮಾನವೇ ಆನೆ ಕೊಟ್ಟರೂ ಬರುವುದಿಲ್ಲವಂತೆ, ಬೀಜಕ್ಕೆ ಹೋದದ್ದು ಬಂದೀತೇ?

ಸಂಗಮೇಶ್ ಒಂದೊಂದೇ ಮುಚ್ಚಳ ಎತ್ತಿದ.

ಒಂದನೇ ತಟ್ಟೆಯಲ್ಲಿ ಉದ್ದಕ್ಕೆ ಸೀಳಿದ ಭತ್ತದ ಕಾಳುಗಳು ಬೆಳ್ಳಗೇ ಇದ್ದವು. ಎರಡನೆಯದರಲ್ಲಿ ಪ್ರತಿ ಕಾಳಿನ ಮೂಲೆಯಲ್ಲೂ ಎಳ್ಳಿನಷ್ಟು ಕೆಂಪು. ಮೂರನೆಯದರಲ್ಲೂ ಕೆಂಪು. ನಾಲ್ಕನೆಯದು ಮತ್ತೆ ಬಿಳಿ.

"ಕೆಂಪಗಾಗಿದ್ದು ಮೊಳಕೆಯ ಜೀವ," ಎಂದಳು ಗಂಗಾಶ್ರೀ. "ಬದುಕಿರೋ ಬೀಜ ಉಸಿರಾಡುತ್ತೆ. ಉಸಿರಾಡಿದ್ರೆ ಈ ಮದ್ದು ಕೆಂಪಾಗುತ್ತೆ. ಸತ್ತ ಬೀಜ ಎಷ್ಟು ಹೊತ್ತು ನೆನೆಸಿದ್ರೂ ಬಿಳೀನೇ. ಇರಿ, ಎಣಿಸ್ತೀನಿ. ಚೀಟಿ ಈಗಲೇ ತೆಗೀಬೇಡಿ."

ಆ ಚೀಟಿ ಸಂಗಮೇಶನ ಜೇಬಿನಲ್ಲಿತ್ತು. ನಿನ್ನೆ ಅವನು ಬೀಜದ ಪೊಟ್ಟಣ ತಂದಾಗ, ಯಾವುದು ಯಾರದೆಂದು ತನಗೆ ಹೇಳಬೇಡಿ, ಬರೀ ನಂಬರು ಹಾಕಿ ಕೊಡಿ ಎಂದಿದ್ದಳು. ಜೊತೆಗೆ ಇನ್ನೆರಡು ಪೊಟ್ಟಣ ಸೇರಿಸಲು ಹೇಳಿದ್ದಳು. ಒಂದು ಖಂಡಿತ ಮೊಳೆಯುವ ಬೀಜ, ಇನ್ನೊಂದು ಅವಳೇ ಕುದಿಸಿ ಕೊಂದದ್ದು. ಶಿಕಾರಿಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಈ ಹೆಂಗಸಿಗೆ ತಲೆ ಸರಿಯಿದೆಯೋ ಇಲ್ಲವೋ ಎಂದು ಅವನಿಗೆ ನಿನ್ನೆಯೆಲ್ಲ ಅನುಮಾನ.

"ಅಲ್ರೀ ಮೇಡಂ, ಗೊತ್ತಿದ್ದ ಬೀಜ ಮತ್ಯಾಕ ನೋಡ್ಬೇಕು?" ಎಂದು ಕೇಳಿಯೂ ಇದ್ದ.

"ಮದ್ದು ಸರಿಯಿದೆಯಾ ಅಂತ ನೋಡೋಕೆ. ಬಾಟಲಿ ಹಳೇದಾಗಿ ಎಲ್ಲಾನೂ ಬೆಳ್ಳಗೆ ತೋರಿಸಿದ್ರೆ ಮಾಳಮ್ಮ ಸುಮ್ಮನೆ ಜೈಲಿಗೆ ಹೋಗ್ತಾರೆ. ಯಾವುದು ಯಾರದು ಅಂತ ಗೊತ್ತಿದ್ರೆ ನನ್ನ ಕಣ್ಣೂ ಮೋಸ ಮಾಡುತ್ತೆ. ಕಣ್ಣು ಯಾವಾಗಲೂ ಮನಸ್ಸಿನ ಕಡೇನೇ ಸರ್."

ಎಂಥಾ ಮಾತು! ಇಪ್ಪತ್ತು ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವಾಗ ತನ್ನ ಕಣ್ಣು ಯಾರ ಕಡೆ ಇತ್ತೆಂದು ಸಂಗಮೇಶ್ ಒಂದು ದಿನವೂ ಕೇಳಿಕೊಂಡವನಲ್ಲ.

ಎಣಿಕೆ ಮುಗಿಯಿತು. ಚೀಟಿ ಬಿಚ್ಚಿದ. ಒಂದು, ಕುದಿಸಿದ ಬೀಜ. ಎರಡು, ಒಳ್ಳೆಯ ಬೀಜ. ಮದ್ದು ಸುಳ್ಳು ಹೇಳುತ್ತಿರಲಿಲ್ಲ. ಮೂರು, ಮಾಳಮ್ಮನ ಕಣಜದಿಂದ ತಂದದ್ದು, ನೂರಕ್ಕೆ ತೊಂಬತ್ನಾಲ್ಕು ಜೀವಂತ. ನಾಲ್ಕು, ದೂರು ಕೊಟ್ಟವರ ಮನೆಯಲ್ಲಿ ಮಿಕ್ಕಿದ್ದ ಬೀಜ. ನೂರಕ್ಕೆ ನೂರೂ ಸತ್ತಿತ್ತು.

"ಮುಗೀತಲ್ರೀ!" ಎಂದು ಸಂಗಮೇಶ್ ತೊಡೆ ತಟ್ಟಿದ. "ಜೀವ ಇರೋದನ್ನ ತಾನಿಟ್ಕೊಂಡ್ಳು, ಸತ್ತಿದ್ದನ್ನ ಊರಿಗೆ ಹಂಚಿದ್ಳು. ಇನ್ನೇನ್ ಬೇಕು?"

ಗಂಗಾಶ್ರೀ ತಟ್ಟೆಗಳನ್ನು ಜೋಡಿಸುತ್ತ, "ಹೌದು, ಹಾಗೂ ಇರಬಹುದು," ಎಂದಳು. "ಅಥವಾ ಅವರು ಎಲ್ಲರಿಗೂ ಒಳ್ಳೇದೇ ಕೊಟ್ಟಿರಬಹುದು. ಬೀಜ ಆಮೇಲೆ ಸತ್ತಿರಬಹುದು. ಈ ತಟ್ಟೆ ಎರಡು ಕಥೆಗೂ ಹೂಂ ಅನ್ನುತ್ತೆ. ಎರಡಕ್ಕೂ ಹೂಂ ಅನ್ನೋ ಸಾಕ್ಷಿ ಸಾಕ್ಷಿನೇ ಅಲ್ಲ."

"ಹಂಗಾದ್ರೆ?"

"ಒಂದು ಕಥೆಗೆ ಹೂಂ, ಇನ್ನೊಂದಕ್ಕೆ ಊಹೂಂ ಅನ್ನೋ ಜಾಗ ಹುಡುಕಬೇಕು. ಅದೇನು ಸರ್, ನಿಮ್ಮ ಆ ಚೀಲದಲ್ಲಿ?"

ಮಾಳಮ್ಮನ ಮನೆಯಲ್ಲಿ ವಶಪಡಿಸಿಕೊಂಡ ಒಂದು ಸೆಣಬಿನ ದಾರ. ಅಲ್ಲಲ್ಲಿ ಗಂಟು ಹಾಕಿತ್ತು. ಓದುಬರಹ ಬಾರದ ಮುದುಕಿ ಬೀಜ ಕೊಟ್ಟ ಮನೆಗೊಂದು ಗಂಟು ಹಾಕುತ್ತಾಳೆ. ಇಷ್ಟನ್ನು ಸಂಗಮೇಶನೇ ಅವಳ ಹೇಳಿಕೆಯಲ್ಲಿ ಚಂದದ ಅಕ್ಷರದಲ್ಲಿ ಬರೆದುಕೊಂಡಿದ್ದ.

ಗಂಗಾಶ್ರೀ ದಾರವನ್ನು ಬೆರಳ ನಡುವೆ ಜಾರಿಸಿದಳು. ಒಮ್ಮೆ ಎಣಿಸಿದಳು. ಕೊನೆಯಿಂದ ಇನ್ನೊಮ್ಮೆ ಎಣಿಸಿದಳು.

"ದೂರು ಎಷ್ಟು ಮನೆಯದು ಅಂದ್ರಿ?"

"ಹತ್ತೊಂಬತ್ತು."

"ಗಂಟು ಇಪ್ಪತ್ತೆರಡು ಇದಾವೆ."

ಸಂಗಮೇಶ್ ದಾರ ಇಸಿದುಕೊಂಡು ತಾನೂ ಎಣಿಸಿದ. ಆರು ದಿನ ಆ ದಾರ ಅವನ ಮೇಜಿನ ಮೇಲೇ ಬಿದ್ದಿತ್ತು. ಗಂಟುಗಳನ್ನು ನೋಡಿದ್ದ, ಎಣಿಸಿರಲಿಲ್ಲ.

"ಮೊಳಕೆ ಬಾರದವರು ಠಾಣೆಗೆ ಬಂದ್ರು. ಮೊಳಕೆ ಬಂದೋರು ಯಾಕೆ ಬರ್ತಾರೆ ಸರ್? ನೀವು ಬಂದೋರನ್ನ ಮಾತ್ರ ಕೇಳಿದೀರಿ." ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ಅವನಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. "ಬಾರದ ಮೂರು ಮನೆಗೆ ಹೋಗೋಣ, ನಡೀರಿ."

ಹೊಸಬಾಳೆ ಮುಟ್ಟಿದಾಗ ಗಂಟೆ ಹನ್ನೊಂದೂವರೆ. ಆರಿದ್ರಾ ಮಳೆ ಒಂದು ಹದ ಹುಯ್ದು ಬಿಟ್ಟು ಹೊಳವಾಗಿತ್ತು. ದಾರಿಯ ಎರಡೂ ಬದಿಗೆ ಸಸಿಮಡಿಗಳು ಬೋಳು ಬೋಳಾಗಿ ಬಿದ್ದಿದ್ದವು. ನಾಟಿಗೆ ಸಸಿಯಿಲ್ಲದ ಊರು ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತಿತ್ತು.

ಮೂರು ಮನೆ ಪತ್ತೆ ಮಾಡಲು ಕಷ್ಟವೇನೂ ಆಗಲಿಲ್ಲ. ಮೂರೂ ಒಂದೇ ಬಳ್ಳಿಯ ದಾಯಾದಿಗಳು, ಹಿರಿಯಳು ಹುಚ್ಚಮ್ಮ. ಪೊಲೀಸರನ್ನು ಕಂಡದ್ದೇ ಅವಳು ಹಿತ್ತಿಲ ಕಡೆಯ ತಡಿಕೆಗೆ ಬೆನ್ನು ಕೊಟ್ಟು ನಿಂತಳು.

"ಎಂತ ಇಲ್ಲ ಸಾರ್ ಅಲ್ಲಿ. ಬರೀ ಬದನೆ ಗಿಡ."

"ಬದನೆ ಗಿಡಕ್ಕೆ ಆಳುದ್ದ ತಡಿಕೆ ಯಾರಮ್ಮ ಕಟ್ತಾರೆ?" ಎಂದು ಸಂಗಮೇಶ್ ಸರಿಸಿದ.

ತಡಿಕೆಯ ಆಚೆ ಗೇಣುದ್ದದ ಭತ್ತದ ಸಸಿ ಒತ್ತೊತ್ತಾಗಿ ನಿಂತಿತ್ತು. ಅಂಥ ಹಸಿರನ್ನು ಆ ಊರಿನಲ್ಲಿ ಅವನು ಆರು ದಿನದಿಂದ ಕಂಡಿರಲಿಲ್ಲ.

"ಬಚ್ಚಿಟ್ಟಿದ್ದು ಯಾಕವ್ವಾ?"

"ಇನ್ನೇನ್ ಮಾಡ್ಲಿ? ಊರೋರದೆಲ್ಲ ಸತ್ತು ನಮ್ಮದೊಂದು ಬಂದ್ರೆ, ನೀನೂ ಮಾಳಕ್ಕನೂ ಸೇರ್ಕಂಡಿದೀರಿ ಅಂತ ನಂಗೂ ಕೇಸು ಹಾಕ್ತಾರಲ್ಲ!" ಹುಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸುದ್ದಿ ಹಬ್ಬಿ ಆನಂದಪ್ಪ ದಾಪುಗಾಲು ಹಾಕಿಕೊಂಡು ಬಂದ. ಐವತ್ತರ ಗಟ್ಟಿ ಆಳು, ಮಾತಿನಲ್ಲಿ ಯಾರಿಗೂ ಸೋತವನಲ್ಲ. ಹಸಿರು ಕಂಡದ್ದೇ ಅವನ ಮುಖ ಕೆಂಡವಾಯಿತು.

"ನೋಡಿದ್ರಾ ಸಾರ್? ಹೇಳಿದ್ನಲ್ಲ! ಬೇಕಾದೋರಿಗೆ ಒಳ್ಳೇದು, ನಮಗೆ ಬೇಯ್ಸಿದ್ದು! ಈಗ್ಲಾದ್ರೂ ಆ ಮುದುಕೀನ ಜೀಪಿಗೆ ಹತ್ಸಿ!"

ಬೇಲಿಯಾಚೆಯಿಂದ ಒಂದು ಸಣ್ಣ ದನಿ ಕೇಳಿತು. "ಹುಚ್ಚಮ್ಮ, ಹಸಿರಾಗ್ಯದೆಯನೇ?"

ಮಾಳಮ್ಮ. ಕೋಲೂರಿಕೊಂಡು ಬಂದವಳು ಬೇಲಿಯ ಹೊರಗೇ, ಹಿತ್ತಿಲಿಗೆ ಬೆನ್ನು ತಿರುಗಿಸಿ ನಿಂತಿದ್ದಳು.

"ಒಳಗ್ ಬಾ ಅಜ್ಜಿ, ನೀನೇ ನೋಡು," ಎಂದ ಸಂಗಮೇಶ್.

"ಬ್ಯಾಡ ಸ್ವಾಮಿ. ಬೀಜ ಕೊಟ್ಟೋಳು ಅಗೆಸಸಿ ನೋಡಬಾರ್ದು. ನಟ್ಟಿ ಮುಗಿಯೋ ತನ್ಕ ತಗಂಡೋರ ಅಂಗಳಕ್ಕೂ ಕಾಲಿಡಬಾರ್ದು, ದೃಷ್ಟಿ ಆಗ್ತದೆ. ನಮ್ಮತ್ತೆ ಮಾಡ್ಕಂಡು ಬಂದಿದ್ದು. ಹಸಿರಾಗ್ಯದೆ ಅಂತ ಯಾರಾರ ಒಬ್ರು ಬಾಯಲ್ಲಿ ಹೇಳಿ, ಸಾಕು."

"ಆಗ್ಯದೆ ಮಾಳಕ್ಕ. ಕಣ್ಣಿಗೆ ಹಬ್ಬ," ಎಂದಳು ಹುಚ್ಚಮ್ಮ. ಬೆನ್ನು ತಿರುಗಿಸಿ ನಿಂತ ಮುದುಕಿಯ ಹೆಗಲು ಅದುರುವುದು ಸಂಗಮೇಶನಿಗೆ ಕಂಡಿತು.

ಗಂಗಾಶ್ರೀ ಮಾತ್ರ ಆನಂದಪ್ಪನ ಕಡೆಗೇ ನೋಡುತ್ತಿದ್ದಳು. "ನೀವು ಹೇಳಿದ್ದು ನಿಜ ಇರಬಹುದು ಆನಂದಪ್ಪನವರೇ. ಅದು ನಿಜವಾದ್ರೆ ಹುಚ್ಚಮ್ಮನ ಬೀಜಾನೇ ಬೇರೆ, ನಿಮ್ಮದೇ ಬೇರೆ ಆಗಿರ್ಬೇಕು. ಅಲ್ವಾ?"

"ಹೌದು ಮತ್ತೆ!"

"ನಿಮ್ಮ ಬೀಜ ಯಾವ ಮೂಡೆಯಿಂದ ಕೊಟ್ರು?"

ಹುಲ್ಲಿನ ಹಗ್ಗ ಬಿಗಿದು ದುಂಡಗೆ ಕಟ್ಟುವ ಮೂಡೆಯಲ್ಲೇ ಮಾಳಮ್ಮ ಬೀಜ ಇಡುತ್ತಿದ್ದದ್ದು. ಉತ್ತರ ಬೇಲಿಯಾಚೆಯಿಂದ ಬಂತು.

"ಒಂದೇ ಮೂಡೆ ಕಣವ್ವ. ಅರ್ಧ ಇವಂಗೆ, ಅರ್ಧ ಹುಚ್ಚಮ್ಮಂಗೆ. ಹಗ್ಗ ಕುಯ್ದಿದ್ದೂ ಇವ್ನೇ, ನನ್ನ ಕೈಲಿ ಆಗ್ಲಿಲ್ಲ ಅಂತ."

"ನಿಜವಾ?" ಎಂದ ಸಂಗಮೇಶ್.

"ನಿಜ... ನಾನೇ ಕುಯ್ದೆ," ಎಂದ ಆನಂದಪ್ಪ. ಒರಟನೇ ಆದರೂ ಸುಳ್ಳುಗಾರನಲ್ಲ. "ಹುಚ್ಚಮ್ಮನ ಪಾಲು ನನ್ನ ಬೈಕಿನ ಮೇಲೇ ಹಾಕ್ಕಂಡು ಬಂದು ಕೊಟ್ಟೆ."

ಒಂದೇ ಮೂಡೆ. ಅರ್ಧ ಹಸಿರು, ಅರ್ಧ ಬೋಳು. ಮಾಳಮ್ಮ ಬೇಯಿಸಿದ್ದರೆ ಎರಡೂ ಸಾಯಬೇಕಿತ್ತು. ತಾನು ಆರು ದಿನ ಹೊತ್ತು ತಿರುಗಿದ ಕಥೆ ಒಂದೇ ಪ್ರಶ್ನೆಗೆ ನೆಲ ಕಚ್ಚಿತೆಂದು ಸಂಗಮೇಶನಿಗೆ ತಿಳಿಯಿತು. ಬೇಜಾರಾಗಬೇಕಿತ್ತು, ಯಾಕೋ ಕುಣಿಯಬೇಕೆನ್ನಿಸಿತು. ಬೈಗುಳವಿಲ್ಲದೆ, ಲಾಠಿಯಿಲ್ಲದೆ ಸತ್ಯ ಹೀಗೂ ಬಾಯಿ ಬಿಡುತ್ತದೆಯೇ! ಇವಳು ದೂರುದಾರನ ಮಾತನ್ನು ಸುಳ್ಳೆನ್ನಲಿಲ್ಲ. ನಿಜವೆಂದೇ ಇಟ್ಟುಕೊಂಡು, ನಿಜವಾದರೆ ಮತ್ತೇನಾಗಬೇಕಿತ್ತು ಎಂದು ಕೇಳಿದಳು, ಅಷ್ಟೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅವನ ಅಜ್ಜ ದಿನಾ ಹೇಳುತ್ತಿದ್ದ, ಹೇಗೆ ಪ್ರಮಾಣಿಸಬೇಕೆಂದು ಹೇಳಿಕೊಟ್ಟಿರಲಿಲ್ಲ.

"ಹಾಗಾದ್ರೆ ಬೀಜ ಸತ್ತಿದ್ದು ಊರೊಳಗೆ," ಎಂದಳು ಗಂಗಾಶ್ರೀ. "ಹುಚ್ಚಮ್ಮ, ನೀವು ಬೀಜಕ್ಕೆ ಏನು ಮಾಡಿದ್ರಿ?"

"ಎಂತ ಮಾಡ್ಲಿಲ್ಲವ್ವ. ನಮ್ಮತ್ತೆ ತೀರಿಕಂಡಿದ್ರು, ಹನ್ನೊಂದು ದಿನ ಸೂತಕ. ಮೂರು ಮನೆಯೋರೂ ಹಂಡೆ ಹತ್ರ ಹೋಗೋ ಹಂಗಿರ್ಲಿಲ್ಲ. ಸೂತಕ ಕಳ್ದು ಹಂಗೇ ನೆನೆಸಿ ಚೆಲ್ಲಿದ್ವಿ."

"ಯಾವ ಹಂಡೆ?"

ಆನಂದಪ್ಪ ತಲೆ ಕೆರೆದುಕೊಂಡ. "ಅದೇನಿಲ್ಲ ಬಿಡಿ. ಹೋದ್ವರ್ಷ ಬೆಂಕಿರೋಗ ಬಂದಿತ್ತಲ್ಲ. ಬೀಜನ ಬಿಸಿನೀರಲ್ಲಿ ಅದ್ದಿದ್ರೆ ರೋಗ ಸಾಯ್ತದೆ ಅಂತ ನಮ್ಮ ಸಂಘದ ರಮ್ಯ ತರಬೇತಿಲಿ ಕಲ್ತು ಬಂದಿದ್ಲು. ಕಣದಲ್ಲಿ ದೊಡ್ಡ ಹಂಡೆ ಇಟ್ಟು ಎಲ್ಲರೂ ಒಟ್ಟಿಗೆ ಅದ್ದಿದ್ವಿ. ಅದು ಒಳ್ಳೇದಕ್ಕೆ ಮಾಡಿದ್ದು ಮೇಡಂ, ವಿಜ್ಞಾನದ ಪ್ರಕಾರ."

"ಹೇಳಿಕೆಯಾಗ ಇದನ್ಯಾಕ ಹೇಳ್ಲಿಲ್ಲ?" ಸಂಗಮೇಶ್ ಗುಡುಗಿದ.

"ನೀವು ಕೆಟ್ಟದ್ದು ಯಾರು ಮಾಡಿದ್ರು ಅಂತ ಕೇಳಿದ್ರಿ ಸಾರ್. ಒಳ್ಳೇದು ಯಾರು ಮಾಡಿದ್ರು ಅಂತ ಕೇಳ್ಲಿಲ್ಲ."

ಬೀಜ ಕೊಟ್ಟವಳು ಅಂಗಳಕ್ಕೆ ಕಾಲಿಡುವಂತಿಲ್ಲ, ಹಾಗಾಗಿ ಮಾಳಮ್ಮನಿಗೂ ಹಂಡೆಯ ಸುದ್ದಿ ಮುಟ್ಟಿರಲಿಲ್ಲ. ಸೂತಕ ಮೂರು ಮನೆಯನ್ನು ಹೊರಗಿಟ್ಟಿತ್ತು. ಯಾರೋ ಕೂತು ಹೂಡಿದ ಪರೀಕ್ಷೆಯಂತಿದೆಯಲ್ಲ ಎಂದು ಗಂಗಾಶ್ರೀ ಬೆರಗಿನಲ್ಲಿ ತಲೆಯಾಡಿಸಿದಳು. ಆಮೇಲೆ, "ಬಿಸಿ ಎಷ್ಟಿತ್ತು ಅಂತ ಹೇಗೆ ನೋಡಿದ್ರಿ?" ಎಂದಳು.

"ತರಬೇತಿಲಿ ಬಿಸಿ ಅಳೆಯೋ ಕಡ್ಡಿ ಕೊಟ್ಟಿದ್ರಲ್ಲ. ಐವತ್ತೆರಡು ಡಿಗ್ರಿ, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. ನಾನೇ ಹಿಡ್ಕಂಡು ನಿಂತಿದ್ದೆ."

ಮನೆಗೆ ಓಡಿ ಆನಂದಪ್ಪ ಥರ್ಮಾಮೀಟರ್ ತಂದ. ಅದು ಒಂದು ನೀಲಿ ಪ್ಲಾಸ್ಟಿಕ್ ಕೊಳವೆಯೊಳಗಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಶಾಯಿಯಿಂದ ಒಂದು ನಂಬರು.

ಅದನ್ನು ಕಂಡ ಗಂಗಾಶ್ರೀಯ ಮುಖದ ರಕ್ತ ಇಳಿದುಹೋಯಿತು. ಚೀಟಿಯ ಮೇಲಿದ್ದದ್ದು ಅವಳದೇ ಕೈಬರಹವೆಂದು ಸಂಗಮೇಶ್ ಒಂದೇ ನೋಟಕ್ಕೆ ಗುರುತಿಸಿದ. ಬೆಳಗಿನಿಂದ ತಟ್ಟೆಗಳ ಮೇಲೆ ಅದೇ ಅಕ್ಷರ ನೋಡಿದ್ದ.

ಈಗೇನು ಮಾಡುತ್ತಾಳೆ? ಪೊಲೀಸನ ಬುದ್ಧಿ, ಅದನ್ನೇ ಕಾದ. ಅನುಭವದ ಪ್ರಕಾರ ಇಂಥ ಹೊತ್ತಿನಲ್ಲಿ ದೊಡ್ಡ ದೊಡ್ಡವರೂ ಮಾತು ತಿರುಗಿಸುತ್ತಾರೆ, ತಲೆನೋವೆನ್ನುತ್ತಾರೆ, ವಸ್ತುವನ್ನು ನಾನು ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೆ.

"ಹುಚ್ಚಮ್ಮ, ಒಂದು ಪಾತ್ರೆ ನೀರು ಕುದಿಸ್ತೀರಾ?" ಎಂದಳು ಗಂಗಾಶ್ರೀ. "ಸರ್, ಕಡ್ಡಿ ನೀವು ಹಿಡೀರಿ. ನಾನು ಮುಟ್ಟಲ್ಲ, ಓದೋದೂ ಇಲ್ಲ. ನಮ್ಮ ಊರಿನ ಎತ್ತರಕ್ಕೆ ಕುದಿಯೋ ನೀರು ತೊಂಬತ್ತೆಂಟರ ಹತ್ರ ತೋರಿಸ್ಬೇಕು. ಎಷ್ಟು ತೋರಿಸುತ್ತೆ ಅಂತ ಒಬ್ಬೊಬ್ಬರೇ ಓದಿ. ಒಬ್ಬರದು ಒಬ್ಬರಿಗೆ ಹೇಳಬೇಡಿ."

ಒಲೆಯ ಮೇಲೆ ನೀರು ಕೊತಕೊತ ಕುದಿಯಿತು. ಸಂಗಮೇಶ್ ಓದಿದ. ಆನಂದಪ್ಪ ಕಣ್ಣು ಕಿರಿದು ಮಾಡಿ ಓದಿದ. ಇಬ್ಬರೂ ಅಂಗೈಯಲ್ಲಿ ಬರೆದುಕೊಂಡು ಒಟ್ಟಿಗೆ ಕೈ ತೆರೆದರು.

ಎಂಬತ್ತಾರು. ಎಂಬತ್ತಾರು.

"ಹನ್ನೆರಡು ಕಮ್ಮಿ," ಎಂದಳು ಗಂಗಾಶ್ರೀ. "ಕಡ್ಡಿಯ ಮೇಲ್ತುದಿ ನೋಡಿ. ಕೆಂಪು ದ್ರವದ ಒಂದು ತುಣುಕು ಕಿತ್ತು ಅಲ್ಲಿ ಸಿಕ್ಕಿಕೊಂಡಿದೆಯಾ?"

ಸಿಕ್ಕಿಕೊಂಡಿತ್ತು.

"ಇದು ಐವತ್ತೆರಡು ಅಂದಾಗ ಹಂಡೆ ಅರವತ್ನಾಲ್ಕರಲ್ಲಿತ್ತು. ನೆನೆದ ಬೀಜ ಅಷ್ಟು ಬಿಸಿಗೆ ಬದುಕಲ್ಲ." ಅವಳು ಬೇಲಿಯ ಕಡೆ ತಿರುಗಿದಳು. "ಮಾಳಜ್ಜಿ, ನಿಮ್ಮ ಬೀಜ ಸತ್ತಿದ್ದು ನಿಮ್ಮ ಕೈಯಿಂದ ಅಲ್ಲ. ತರಬೇತಿಲಿ ಈ ಕಡ್ಡಿ ಕೊಟ್ಟು ಕಳಿಸಿದ್ದು ನಾನು, ಯಾವ ಊರಿಗೆ ಹೋಗುತ್ತೆ ಅಂತಲೂ ಕೇಳಿರ್ಲಿಲ್ಲ. ಡಬ್ಬದಲ್ಲಿ ಹತ್ತು ಬಂದಿದ್ವು. ಒಂದನ್ನ ಪರೀಕ್ಷೆ ಮಾಡ್ದೆ, ಉಳಿದವೂ ಹಾಗೇ ಇರ್ತಾವೆ ಅಂದ್ಕೊಂಡೆ. ಸಾವಿರ ಸಲ ಮಕ್ಕಳಿಗೆ ಹೇಳಿದೀನಿ, ಅಂದ್ಕೋಬೇಡಿ, ನೋಡಿ ಅಂತ. ನಾನೇ ನೋಡ್ಲಿಲ್ಲ."

ಆನಂದಪ್ಪ ಹಲ್ಲು ಕಚ್ಚಿದ. ಯಾರ ಮೇಲೆ ಸಿಟ್ಟಾಗಬೇಕೆಂದು ಅವನಿಗೆ ತೋಚಲಿಲ್ಲ.

"ಆ ದ್ರವ ದಾರೀಲಿ ಕಿತ್ತಿರಬಹುದಲ್ರೀ ಮೇಡಂ?" ಎಂದ ಸಂಗಮೇಶ್. ಆರೋಪಿಯ ಪರವಾಗಿ ಅವನು ವಾದಿಸಿದ್ದು ಇದೇ ಮೊದಲು.

"ಇರಬಹುದು. ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರ್ಕೊಳ್ಳಿ. ಅದರ ಕೆಳಗೆ ನನ್ನ ಹೆಸರೂ ಬರ್ಕೊಳ್ಳಿ. ಈ ಕೇಸಲ್ಲಿ ಇನ್ಮೇಲೆ ನನ್ನ ಪರೀಕ್ಷೆ ನಡೆಯಲ್ಲ. ನನಗೆ ಆಗದೋರು ಯಾರಾದರೂ ಇದ್ರೆ ಅವರ ಕೈಲಿ ಮೊದಲಿಂದ ಮಾಡಿಸಿ."

ಸಂಗಮೇಶ್ ಪೆನ್ನು ತೆಗೆದ. ತಪ್ಪೊಪ್ಪಿಗೆ ಅವನು ನೂರು ಕಂಡಿದ್ದ, ಎಲ್ಲವೂ ಹೆದರಿಕೆಯಿಂದ ಬಂದವು. ತಾನೇ ಅಗೆಯುತ್ತ ಹೋಗಿ, ಗುಂಡಿಯಲ್ಲಿ ತನ್ನದೇ ಹೆಸರು ಸಿಕ್ಕಿದಾಗ ಮಣ್ಣು ಮುಚ್ಚದೆ ಎತ್ತಿ ತೋರಿಸಿದವರನ್ನು ಕಂಡಿರಲಿಲ್ಲ. ಎದ್ದು ನಿಂತು ಸೆಲ್ಯೂಟ್ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ, ಹೆಸರು ಬರೆದ.

ಬರೆಯುತ್ತಲೇ ಅವನ ಪೆನ್ನು ನಿಂತಿತು. "ರಮ್ಯಂಗೆ ಇದೊಂದೇ ಕಡ್ಡೀನಾ ಕೊಟ್ಟಿದ್ದು?"

"ಎರಡು ಕೊಟ್ಟಿದ್ದೆ. ಒಂದೇ ಡಬ್ಬದ್ದು."

"ಇನ್ನೊಂದು ಅವಳತ್ರನೇ ಅದೆ," ಎಂದಳು ಹುಚ್ಚಮ್ಮ. "ಇವತ್ತು ಈಸೂರಲ್ಲಿ ಅದ್ದೋದು ಅಂತ ನಿನ್ನೆನೇ ಹೋದ್ಲು."

ಬೇಲಿಯಾಚೆ ಕೋಲು ಜಾರಿ ಬಿದ್ದ ಸದ್ದಾಯಿತು. "ಅಯ್ಯೋ ಶಿವನೇ! ಊರೋರು ಬ್ಯಾಡ ಅಂದ್ಮೇಲೆ ಕಣಜದಲ್ಲಿ ಉಳ್ದಿದ್ದನ್ನೆಲ್ಲ ನಿನ್ನೆ ಈಸೂರಿನ ತಂಗಿ ಮಗಳಿಗೆ ಕಳ್ಸಿಬಿಟ್ಟೆ. ನನ್ನ ಮನೇಲಿ ಇನ್ನೊಂದು ಕಾಳಿಲ್ಲ!"

ಹುಚ್ಚಮ್ಮನ ಸಸಿ ಮೂರು ಮನೆಯ ಗದ್ದೆಗಾದೀತು. ಹೊಳೆಸಾಲಿನ ಊರುಗಳಿಗೆಲ್ಲ ಬೀಜವಾಗಬೇಕಾದ ನೆರೆಭತ್ತ ಈಸೂರಿನ ಹಂಡೆಯ ಪಕ್ಕದಲ್ಲಿತ್ತು. ಜೀಪಿನಲ್ಲಿ ಒಂದು ಗಂಟೆಗೂ ಮೇಲಿನ ದಾರಿ.

ಗಂಗಾಶ್ರೀ ರಮ್ಯಳಿಗೆ ಫೋನ್ ಒತ್ತಿ ಎಲ್ಲರಿಗೂ ಕೇಳುವಂತೆ ಇಟ್ಟಳು. ಒಂದು ಸಲ ಪೂರ್ತಿ ಬಡಿದು ನಿಂತಿತು. ಎರಡನೇ ಸಲ ರಮ್ಯ ಎತ್ತಿದಳು.

"ಹೇಳ್ರೀ ಮೇಡಂ!" ಹಿಂದೆ ಹತ್ತಾರು ಜನರ ಗದ್ದಲ. "ನೀವು ಹೇಳ್ದಂಗೇ ಸರಿಯಾಗಿ ಐವತ್ತೆರಡಕ್ಕೆ ಬಂತು ನೋಡ್ರೀ. ಚೀಲ ಇಳಿಸಿ ಎರಡು ನಿಮಿಷ ಆಯ್ತು."

"ಎತ್ತು ರಮ್ಯ! ಚೀಲ ಮೇಲಕ್ಕೆತ್ತು ಮೊದ್ಲು! ಕಡ್ಡಿ ತಪ್ಪಿರಬಹುದು, ಕಡ್ಡಿ ನಂಬಬೇಡ!"

"ಅಯ್ಯೋ... ಎತ್ರೋ, ಎತ್ರೋ! ಎತ್ತಿದ್ರು ಮೇಡಂ. ಕಡ್ಡಿ ನಂಬದೆ ನೀರೆಷ್ಟು ಬಿಸಿ ಅಂತ ಹೆಂಗ್ ಗೊತ್ತಾಗ್ಬೇಕ್ರೀ?"

ಬೇಲಿಯಾಚೆಯ ಮುದುಕಿ ಗದರಿದಳು.

"ಬೆರಳಿಲ್ವನೇ ಅವಳಿಗೆ? ಬೆರಳದ್ದಿ ನೋಡು ಅನ್ನು!"

ಗಂಗಾಶ್ರೀ ಚಕ್ಕನೆ ಅತ್ತ ನೋಡಿದಳು. ಆಮೇಲೆ ಫೋನಿಗೆ ಬಾಯಿ ಕೊಟ್ಟು, "ಅಜ್ಜಿ ಹೇಳಿದ್ದು ಸರಿ. ಕಿರುಬೆರಳ ತುದಿ ಮಾತ್ರ ಅದ್ದು ರಮ್ಯ. ಐವತ್ತೆರಡೇ ಆಗಿದ್ರೆ ಮೂರು ಎಣಿಸೋವರೆಗೆ ಹೇಗೋ ತಡೀಬಹುದು. ಅರವತ್ತು ದಾಟಿದ್ರೆ ಆಗಲ್ಲ, ಕೂಡ್ಲೇ ತೆಗೆದುಬಿಡು. ಜೋರಾಗಿ ಎಣಿಸು, ಎಲ್ಲರಿಗೂ ಕೇಳಲಿ," ಎಂದಳು.

ಈಸೂರಿನ ಗದ್ದಲ ನಿಂತಿತು. ಹೊಸಬಾಳೆಯ ಹಿತ್ತಿಲಿನಲ್ಲಿ ಆನಂದಪ್ಪನೂ ಫೋನಿಗೆ ಕಿವಿಕೊಟ್ಟ.

"ಒಂದು," ಎಂದಳು ರಮ್ಯ, "ಅಮ್ಮಾ! ಸುಡ್ತು!"

ಎರಡು ಕೇ‌ಳಿಸಲಿಲ್ಲ.